ಆಕಾಶದಲ್ಲಿ ಹೊಟ್ಟೆ ತೊಳಸಿದವರು



ಯುದ್ಧವಿಮಾನ ಎಂದ ಕೂಡಲೇ ನಮಗೆ ನೆನಪಾಗುವುದು ಶೌರ್ಯ, ಪದಕ, ಪತ್ರಿಕೆಯಲ್ಲಿ ಅಚ್ಚಾದ ಚಿತ್ರ. ಆ ವಿಮಾನದೊಳಗೆ ಕುಳಿತವರಿಗೂ ನಮ್ಮಂತೆಯೇ ಹೊಟ್ಟೆಯಿದೆ, ಆ ಹೊಟ್ಟೆಯೂ ತೊಳಸುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಕನ್ನಡದಲ್ಲಿ ವಾಕರಿಕೆ ಎನ್ನುತ್ತೇವೆ, ತಮಿಳಿನಲ್ಲಿ ಕುಮಟ್ಟಲ್ ಎನ್ನುತ್ತೇವೆ. ಎರಡು ಭಾಷೆ ಬಲ್ಲ ನಮ್ಮ ಗಡಿಯ ಹಳ್ಳಿಗಳಲ್ಲಿ ಹೆಸರು ಎರಡು, ಸಂಕಟ ಒಂದೇ. ಈ ಸಂಕಟಕ್ಕೂ ಸೈನ್ಯದ ವಿಮಾನಗಳಿಗೂ ಇರುವ ನಂಟಿನ ಚರಿತ್ರೆಯನ್ನು ಇಂದು ತಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ವೈಮಾನಿಕನೂ ಅಲ್ಲ. ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಓದಿ ತಿಳಿದುಕೊಂಡದ್ದನ್ನು ಲೆಕ್ಕ ತಾಳೆ ನೋಡಿದಂತೆ ನೋಡಿ ಹೇಳುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ವಾಯುಪಡೆಗೆ ಸೇರುವ ಆಸೆ ಇಟ್ಟುಕೊಂಡ ಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಅವರಿಗೆ ಮನೆಯಲ್ಲೇ ಒಂದು ಚುಚ್ಚುಮಾತು ಬೀಳುತ್ತದೆ: "ಅಂಚೆಟ್ಟಿ ಬಸ್ಸಿನಲ್ಲೇ ವಾಂತಿ ಮಾಡ್ಕೊಳ್ಳೋಳು, ವಿಮಾನಕ್ಕೆ ಹೋಗ್ತಾಳಂತೆ!" ಆ ಮಾತು ನಿಜವೇ? ವಾಕರಿಕೆ ಬರುವವನು ಅಂಜುಬುರುಕನೇ? ಚರಿತ್ರೆ ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ.

ಆ ಚರಿತ್ರೆ ಬಹು ದೂರದ್ದೇನೂ ಅಲ್ಲ. ನಮ್ಮ ಆಲಸನತ್ತಂನಿಂದ ಈಶಾನ್ಯಕ್ಕೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕೋಲಾರವಿದೆ. ಚಿನ್ನದ ಗಣಿಯ ಕೋಲಾರ ಎಲ್ಲರಿಗೂ ಗೊತ್ತು, ಬಾಂಬರ್ ವಿಮಾನಗಳ ಕೋಲಾರ ಗೊತ್ತಿರುವವರು ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬ್ರಿಟಿಷ್ ವಾಯುಪಡೆಯ ನಿಲ್ದಾಣವಿತ್ತು. 1673ನೆಯ ಹೆವಿ ಕನ್ವರ್ಷನ್ ಯೂನಿಟ್ ಎಂಬ ತರಬೇತಿ ಘಟಕ ಅಲ್ಲಿ ಕೆಲಸ ಮಾಡುತ್ತಿತ್ತು. ಬೇರೆ ವಿಮಾನಗಳಲ್ಲಿ ಪಳಗಿದವರಿಗೆ ನಾಲ್ಕು ಎಂಜಿನ್ನಿನ ಭಾರಿ ವಿಮಾನವನ್ನು ಕಲಿಸಿಕೊಡುವುದು ಆ ಘಟಕದ ಹೊಣೆ. ಆ ವಿಮಾನದ ಹೆಸರು ಲಿಬರೇಟರ್. ಅಮೆರಿಕದಲ್ಲಿ ತಯಾರಾದದ್ದು, ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. 1944ರ ನವೆಂಬರ್ 8ರಂದು ಈ ಘಟಕದ ಜನ ಮತ್ತು ವಿಮಾನಗಳಿಂದಲೇ ಕೋಲಾರದಲ್ಲಿ 358ನೆಯ ಸ್ಕ್ವಾಡ್ರನ್ ಹುಟ್ಟಿತು. ಮುಂದೆ ಅದು ಬಂಗಾಳಕ್ಕೆ ಹೋಗಿ, ಜಪಾನಿಯರ ವಶದಲ್ಲಿದ್ದ ನಾಡುಗಳಲ್ಲಿ ಗುಟ್ಟಾಗಿ ಜನರನ್ನೂ ಸಾಮಾನನ್ನೂ ಇಳಿಸುವ ಕೆಲಸ ಮಾಡಿತು. ಅದೇ 1944ರಲ್ಲಿ ಯಲಹಂಕದಲ್ಲಿ ಮಸ್ಕಿಟೋ, ಥಂಡರ್‌ಬೋಲ್ಟ್ ಎಂಬ ವಿಮಾನಗಳ ತರಬೇತಿ ನಡೆಯುತ್ತಿತ್ತು. ಒಟ್ಟಿನಲ್ಲಿ ನಮ್ಮ ಸುತ್ತಲಿನ ಆಕಾಶವೇ ಆಗ ಒಂದು ಪಾಠಶಾಲೆ.

ಆ ಪಾಠಶಾಲೆಯಲ್ಲಿ ಕಲಿಸುತ್ತಿದ್ದದ್ದು ಏನು? ವಿಮಾನವನ್ನು ಮೇಲಕ್ಕೆ ಹಾರಿಸುವುದಕ್ಕಿಂತ ಕೆಳಕ್ಕೆ ಇಳಿಸುವುದು ಕಷ್ಟ. ಆದ್ದರಿಂದ ಕಲಿಯುವವನಿಂದ ಇಳಿಸುವುದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ರನ್‌ವೇ ಬಿಟ್ಟು ಮೇಲೇಳಬೇಕು. ಎಡಕ್ಕೆ ತಿರುಗಬೇಕು. ಸುಮಾರು ಸಾವಿರ ಅಡಿ ಎತ್ತರದಲ್ಲಿ ಇನ್ನೊಮ್ಮೆ ಎಡಕ್ಕೆ ತಿರುಗಿ, ರನ್‌ವೇಯ ಪಕ್ಕದಲ್ಲೇ ಬಂದ ದಿಕ್ಕಿಗೆ ವಾಪಸು ಹೋಗಬೇಕು. ಮೂರನೆಯ ತಿರುವಿನಲ್ಲಿ ಇಳಿಯಲು ಶುರುಮಾಡಿ, ನಾಲ್ಕನೆಯ ತಿರುವಿನಲ್ಲಿ ರನ್‌ವೇಗೆ ಎದುರಾಗಿ ಬಂದು ಚಕ್ರ ಮುಟ್ಟಿಸಬೇಕು. ಮುಟ್ಟಿದ ಕೂಡಲೇ ನಿಲ್ಲಿಸುವಂತಿಲ್ಲ. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೆ. ಕಣದಲ್ಲಿ ರೋಣಗಲ್ಲು ಕಟ್ಟಿದ ಎತ್ತು ಸುತ್ತುವಂತೆ ಸುತ್ತಿದ ದಾರಿಯನ್ನೇ ಸುತ್ತುವುದು. ಇಂಗ್ಲಿಷ್ ವೈಮಾನಿಕರು ಇದನ್ನು 'ಸರ್ಕ್ಯೂಟ್ಸ್ ಅಂಡ್ ಬಂಪ್ಸ್' ಎಂದು ಕರೆದರು. ಸುತ್ತು ಹೊಡಿ, ನೆಲಕ್ಕೆ ಕುಕ್ಕು, ಮತ್ತೆ ಏಳು ಎಂದು ನಾವು ಹೇಳಿಕೊಳ್ಳಬಹುದು.

ಹೊಟ್ಟೆಯನ್ನು ಕಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕಿಲ್ಲ. ಎತ್ತರದಲ್ಲಿ ನೇರವಾಗಿ ಹೋಗುವ ವಿಮಾನ ಬಹುಮಟ್ಟಿಗೆ ಅಲುಗಾಡುವುದಿಲ್ಲ. ಸಾವಿರ ಅಡಿಯ ಗಾಳಿಯೇ ಬೇರೆ. ನಮ್ಮ ನಾಡು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ. ಇಲ್ಲಿ ಬಂಡೆ, ಉತ್ತ ಹೊಲ, ಕೆರೆ ಎಲ್ಲವೂ ಪಕ್ಕಪಕ್ಕದಲ್ಲಿವೆ. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ಬಂಡೆಯೂ ಒಣ ಹೊಲವೂ ಬೇಗ ಕಾಯುತ್ತವೆ, ಕೆರೆಯ ನೀರು ಅಷ್ಟು ಬೇಗ ಕಾಯುವುದಿಲ್ಲ. ಕಾದ ನೆಲದ ಮೇಲೆ ಗಾಳಿ ಏರುತ್ತದೆ, ತಂಪಾದ ಕಡೆ ಇಳಿಯುತ್ತದೆ. ಕೆಳಮಟ್ಟದಲ್ಲಿ ಬರುವ ವಿಮಾನ ಹಳ್ಳಬಿದ್ದ ರಸ್ತೆಯ ಬಸ್ಸಿನಂತೆ ಎತ್ತಿ ಹಾಕುತ್ತದೆ. ಅದರ ಜೊತೆಗೆ ಕೆಲವೇ ನಿಮಿಷಗಳ ಸುತ್ತಿನಲ್ಲಿ ನಾಲ್ಕು ತಿರುವು, ಒಂದು ಏರು, ಒಂದು ಇಳಿತ, ಒಂದು ಕುಕ್ಕು, ಪೆಟ್ರೋಲಿನ ವಾಸನೆ. ಒಂದು ಸುತ್ತಿನ ಸಂಕಟ ಇಳಿಯುವುದರೊಳಗೆ ಇನ್ನೊಂದು ಸುತ್ತು ಶುರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಮಾನವನ್ನು ತಾನೇ ನಡೆಸುತ್ತಿರುವವನಿಗೆ ಇದು ಕಡಿಮೆ ಬಾಧಿಸುತ್ತದೆ. ಹಿಂದೆ ಕುಳಿತವರಿಗೆ ಹೆಚ್ಚು. ಲಿಬರೇಟರ್‌ನಂಥ ವಿಮಾನದಲ್ಲಿ ಪೈಲಟ್ ಒಬ್ಬನೇ ಇರುವುದಿಲ್ಲ. ಎಂಜಿನ್ ನೋಡಿಕೊಳ್ಳುವವನು, ನಿಸ್ತಂತು ಯಂತ್ರದವನು, ದಾರಿ ಗುರುತಿಸುವ ನ್ಯಾವಿಗೇಟರ್, ತುಪಾಕಿಯವರು ಹೀಗೆ ಒಂದು ತಂಡವೇ ಇರುತ್ತದೆ. ಪೈಲಟ್ ಇಳಿಸುವುದನ್ನು ಅಭ್ಯಾಸ ಮಾಡುವಾಗ ಇವರಲ್ಲಿ ಕೆಲವರಾದರೂ ಒಳಗೆ ಕುಳಿತಿರಲೇಬೇಕು. ಅವರಿಗೆ ಕಿಟಕಿ ಚಿಕ್ಕದು, ಹೊರಗಿನ ನೋಟ ಅಷ್ಟಕ್ಕಷ್ಟೆ, ತಿರುವು ಯಾವಾಗ ಬರುತ್ತದೆಂದು ಗೊತ್ತಿಲ್ಲ, ಕೈಯಲ್ಲಿ ಮಾಡಲು ಹೆಚ್ಚು ಕೆಲಸವೂ ಇಲ್ಲ. ಎತ್ತಿನಗಾಡಿ ಹೊಡೆಯುವವನಿಗೆ ತಲೆ ಸುತ್ತುವುದಿಲ್ಲ, ಹಿಂದೆ ಹುಲ್ಲಿನ ಮೇಲೆ ಬೆನ್ನುಹಾಕಿ ಕುಳಿತ ನೆಂಟನಿಗೆ ಸುತ್ತುತ್ತದೆ. ಅದೇ ನ್ಯಾಯ ಇಲ್ಲಿಯೂ.

ಹೀಗೇಕೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಎಲ್ಲರೂ ಹೊಟ್ಟೆಯನ್ನು ದೂರುತ್ತಿದ್ದರು, ಆದರೆ ಮೂಲ ಇದ್ದದ್ದು ಕಿವಿಯಲ್ಲಿ. ನಮ್ಮ ಒಳಗಿವಿಯಲ್ಲಿ ಬಳೆಯ ತುಂಡಿನಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅವುಗಳೊಳಗೆ ದ್ರವವಿದೆ. ತಲೆ ತಿರುಗಿದಾಗ ಆ ದ್ರವ ಅಲುಗಿ, ತಿರುಗಿದೆವು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ವಿಯೆನ್ನಾ ನಗರದ ಕಿವಿಯ ವೈದ್ಯ ರಾಬರ್ಟ್ ಬರಾನಿ ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುವಾಗ ಒಂದು ಸಂಗತಿ ಕಂಡ. ನೀರು ತೀರ ತಣ್ಣಗಿದ್ದರೂ ತೀರ ಬಿಸಿಯಾಗಿದ್ದರೂ ರೋಗಿಗೆ ತಲೆಸುತ್ತು ಬರುತ್ತಿತ್ತು. ಅದರ ಬೆನ್ನು ಹತ್ತಿ ಅವನು ಮಾಡಿದ ಸಂಶೋಧನೆಗೆ 1914ರ ನೊಬೆಲ್ ಪಾರಿತೋಷಕ ಬಂತು. ಆ ಸುದ್ದಿ ಬಂದಾಗ ಅವನು ಮೊದಲ ಮಹಾಯುದ್ಧದಲ್ಲಿ ರಷ್ಯನ್ನರ ಸೆರೆಯಲ್ಲಿದ್ದ. ಅದಕ್ಕೂ ಮುಂಚೆ, 1882ರಲ್ಲಿ, ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತ ಹುಟ್ಟುಕಿವುಡರಲ್ಲಿ ಅನೇಕರಿಗೆ ಎಷ್ಟು ತಿರುಗಿಸಿದರೂ ತಲೆ ಸುತ್ತುವುದಿಲ್ಲ ಎಂದು ತೋರಿಸಿದ್ದ. ಒಳಗಿವಿ ಕೆಲಸ ಮಾಡದಿದ್ದರೆ ಈ ಕಾಯಿಲೆಯೂ ಇಲ್ಲ.

ಈಗ ವಿಮಾನದೊಳಗೆ ಕುಳಿತವನ ಅವಸ್ಥೆ ನೋಡಿ. ಅವನ ಕಣ್ಣು ಎದುರಿನ ತಗಡಿನ ಗೋಡೆಯನ್ನು ನೋಡಿ "ನಾವು ಅಲುಗುತ್ತಿಲ್ಲ" ಎನ್ನುತ್ತದೆ. ಕಿವಿ "ತಿರುಗುತ್ತಿದ್ದೇವೆ, ಬೀಳುತ್ತಿದ್ದೇವೆ" ಎನ್ನುತ್ತದೆ. ಒಂದೇ ಖಾತೆಗೆ ಎರಡು ಲೆಕ್ಕ ಬಂದು ತಾಳೆಯಾಗದ ಹಾಗೆ. ಮೆದುಳು ಗಲಿಬಿಲಿಗೊಂಡು ಹೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ವಿಮಾನ ತಿರುಗುತ್ತಿರುವಾಗಲೇ ತಲೆಯನ್ನು ಬಗ್ಗಿಸಿದರೆ ಅಥವಾ ಹೊರಳಿಸಿದರೆ ಕಿವಿಯ ಕೊಳವೆಗಳು ಇನ್ನಷ್ಟು ತಪ್ಪು ಸುದ್ದಿ ಕೊಡುತ್ತವೆ. ವಿಮಾನ ನಡೆಸುವವನಿಗೆ ಮುಂದಿನ ತಿರುವು ಮೊದಲೇ ಗೊತ್ತಿರುವುದರಿಂದ ಅವನ ಮೆದುಳು ಸಿದ್ಧವಾಗಿರುತ್ತದೆ. ಇಷ್ಟೇ ವ್ಯತ್ಯಾಸ. ಇದರಲ್ಲಿ ಧೈರ್ಯದ ಪ್ರಶ್ನೆ ಎಲ್ಲಿ ಬಂತು?

ಆದರೆ ಯುದ್ಧದ ಕಾಲದಲ್ಲಿ ಧೈರ್ಯದ ಪ್ರಶ್ನೆಯನ್ನು ತಂದಿಟ್ಟಿದ್ದರು. ವೈದ್ಯರು ಒಪ್ಪುವ ಕಾರಣವಿಲ್ಲದೆ ಹಾರಲು ನಿರಾಕರಿಸಿದವನ ಕಾಗದಪತ್ರಗಳ ಮೇಲೆ ಬ್ರಿಟಿಷ್ ವಾಯುಪಡೆ ಎಲ್.ಎಂ.ಎಫ್. ಎಂಬ ಮೂರಕ್ಷರ ಹಾಕುತ್ತಿತ್ತು. ಮನಸ್ಸಿನ ಗಟ್ಟಿತನ ಸಾಲದವನು ಎಂದು ಅದರ ಅರ್ಥ. ಅಂಥ ಮುದ್ರೆ ಇದ್ದ ದಿನಗಳಲ್ಲಿ ತನಗೆ ಹೊಟ್ಟೆ ತೊಳಸುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಒಬ್ಬ ಇಪ್ಪತ್ತು ವರ್ಷದ ಹುಡುಗನಿಗೆ ಎಷ್ಟು ಕಷ್ಟವಾಗಿದ್ದೀತು ಎಂದು ಊಹಿಸಿಕೊಳ್ಳಿ. ತುಟಿ ಕಚ್ಚಿ ಸುತ್ತು ಹೊಡೆದವರು, ಟೋಪಿಯಲ್ಲೋ ಚೀಲದಲ್ಲೋ ವಾಂತಿ ಮಾಡಿ ಬಾಯಿ ಒರೆಸಿಕೊಂಡು ಮತ್ತೆ ತಮ್ಮ ಯಂತ್ರದ ಮುಂದೆ ಕುಳಿತವರು ಎಲ್ಲ ದೇಶದ ವಾಯುಪಡೆಗಳಲ್ಲೂ ಇದ್ದರು. ನನ್ನ ಮಟ್ಟಿಗೆ ಅವರೇ ಧೀರರು.

ಔಷಧದ ಕಥೆಯೂ ಸ್ವಾರಸ್ಯವಾಗಿದೆ. 1944ರ ಜೂನ್ 6ರಂದು ಫ್ರಾನ್ಸಿನ ಕಡಲತೀರಕ್ಕೆ ಇಳಿಯಲು ಹೊರಟ ಬ್ರಿಟಿಷ್ ಸೈನಿಕರಿಗೆ ವಾಂತಿಯ ಚೀಲದ ಜೊತೆಗೆ ಹಯಾಸಿನ್ ಎಂಬ ಗುಳಿಗೆ ಕೊಟ್ಟಿದ್ದರು. ಹಯಾಸಿನ್ ಎಂಬ ವಸ್ತು ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲೂ ಇದೆ, ತಮಿಳಿನ ಊಮತ್ತೈ. ಕೇಳುಗರು ದಯವಿಟ್ಟು ಆ ಗಿಡದ ತಂಟೆಗೆ ಹೋಗಬಾರದು, ಅದು ಪ್ರಾಣ ತೆಗೆಯುವ ವಿಷ. ಅಳತೆ ಮಾಡಿ ಶುದ್ಧಗೊಳಿಸಿದ ಗುಳಿಗೆಯೇ ಬೇರೆ. ಇನ್ನೊಂದು ಔಷಧ 1947ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ಮೈಮೇಲೆ ಪಿತ್ತದ ಗಂಧೆ ಏಳುತ್ತಿದ್ದ ಒಬ್ಬ ಗರ್ಭಿಣಿಗೆ ವೈದ್ಯರು ಹೊಸ ಗುಳಿಗೆ ಕೊಟ್ಟರು. ಆಸ್ಪತ್ರೆಗೆ ಟ್ರಾಮಿನಲ್ಲಿ ಬರುವಾಗ ಯಾವಾಗಲೂ ಆಗುತ್ತಿದ್ದ ವಾಕರಿಕೆ ಈಗ ಆಗಲಿಲ್ಲ ಎಂದು ಆಕೆ ಹೇಳಿದಳು. ಅದೇ ಮುಂದೆ ಡ್ರಾಮಮೈನ್ ಎಂದು ಹೆಸರಾಯಿತು. 1948ರಲ್ಲಿ ಸೈನಿಕರಿದ್ದ ಹಡಗಿನಲ್ಲಿ ಅದನ್ನು ಪರೀಕ್ಷಿಸಿ ನೋಡಿದರು. ನಮ್ಮ ಮೆಡಿಕಲ್ ಶಾಪಿನಲ್ಲಿ ಬಸ್ಸು ಹತ್ತುವ ಮುಂಚೆ ಕೊಳ್ಳುವ ಅವೊಮಿನ್ ಗುಳಿಗೆಯೂ ಇದೇ ಕೆಲಸಕ್ಕೆ ಬಂದದ್ದು.

ಆದರೆ ಈ ಎಲ್ಲ ಗುಳಿಗೆಗಳಿಗೂ ಒಂದು ದೋಷವಿದೆ. ಅವು ಮಂಪರು ತರಿಸುತ್ತವೆ. ಬಸ್ಸಿನ ಪ್ರಯಾಣಿಕ ತೂಕಡಿಸಿದರೆ ನಷ್ಟವಿಲ್ಲ. ವಿಮಾನ ನಡೆಸುವವನು ತೂಕಡಿಸಿದರೆ? ಆದ್ದರಿಂದ ಒಬ್ಬನೇ ವಿಮಾನ ನಡೆಸುವವನಿಗೆ ಗುಳಿಗೆ ದಾರಿಯಲ್ಲ. ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ರೂಢಿ. ಘಾಟಿಯ ರಸ್ತೆಯಲ್ಲಿ ದಿನವಿಡೀ ನಿಂತುಕೊಂಡೇ ಟಿಕೆಟ್ ಹರಿಯುವ ಕಂಡಕ್ಟರನ್ನು ನೋಡಿ. ಅವನ ಕಿವಿ ನಮ್ಮ ಕಿವಿಯಂಥದ್ದೇ. ದಿನವೂ ಅಷ್ಟಷ್ಟು ಅಲುಗಾಟ ಕಂಡು ಅವನ ಮೆದುಳು ಪಳಗಿದೆ, ಅಷ್ಟೆ. ಬ್ರಿಟಿಷ್ ವಾಯುಪಡೆಯ ವೈದ್ಯ ಡೋಬಿ ಎಂಬವರು ತರಬೇತಿಯಲ್ಲಿದ್ದ ವೈಮಾನಿಕರ ಲೆಕ್ಕ ತೆಗೆದು 1974ರಲ್ಲಿ ಪ್ರಕಟಿಸಿದರು. ನೂರಕ್ಕೆ 39 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಆಗಿತ್ತು. ಎಂದರೆ ಐವರಲ್ಲಿ ಇಬ್ಬರಿಗೆ! ಹೆಚ್ಚಿನವರಿಗೆ ಕೆಲವು ಹಾರಾಟಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದವರಿಗಾಗಿ ಒಂದು ಕ್ರಮ ಮಾಡಿದರು. ನೆಲದ ಮೇಲೆಯೇ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಮೊದಲು ನಿಧಾನವಾಗಿ ತಿರುಗಿಸಿ, ತಲೆಯನ್ನು ಆಚೆ ಈಚೆ ಬಗ್ಗಿಸಲು ಹೇಳುತ್ತಾರೆ. ಹೊಟ್ಟೆ ತೊಳಸಲು ಶುರುವಾದ ಕೂಡಲೇ ನಿಲ್ಲಿಸುತ್ತಾರೆ. ವಾಂತಿಯಾಗುವವರೆಗೆ ಹಿಂಸಿಸುವುದಿಲ್ಲ. ದಿನಕ್ಕೆ ಎರಡು ಸಲ, ವಾರಗಳ ಕಾಲ, ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಆಮೇಲೆ ಶಿಕ್ಷಕರ ಜೊತೆ ವಿಮಾನದಲ್ಲಿ ಅದೇ ರೀತಿಯ ಅಭ್ಯಾಸ. 1985ರಲ್ಲಿ ಪ್ರಕಟವಾದ ವರದಿಯಂತೆ ಹೀಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಹಾರಾಟಕ್ಕೆ ಮರಳಿದರು.

ನಮ್ಮ ದೇಶದಲ್ಲಿ ಈ ವಿದ್ಯೆಯ ಮನೆ ಬೆಂಗಳೂರಿನಲ್ಲೇ ಇದೆ. 1957ರಲ್ಲಿ ವಾಯುಪಡೆ ಅಲ್ಲಿ ವೈಮಾನಿಕ ವೈದ್ಯಶಾಸ್ತ್ರದ ಶಾಲೆಯನ್ನು ಸ್ಥಾಪಿಸಿತು. ಈಗ ಅದನ್ನು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಕರೆಯುತ್ತಾರೆ. ಹಳೆಯ ಮದರಾಸು ರಸ್ತೆಗೂ ಹೊಸೂರು ರಸ್ತೆಗೂ ನಡುವೆ, ಎಚ್.ಎ.ಎಲ್. ಕಾರ್ಖಾನೆಯ ಆಸುಪಾಸಿನ ವಿಮಾನಪುರದಲ್ಲಿ ಅದು ಇದೆ. ಹಾರುವಾಗ ಹೊಟ್ಟೆ ತೊಳಸುವ ತರಬೇತಿಯ ಹುಡುಗರನ್ನು ಅಲ್ಲಿ ತಿರುಗುವ ಕುರ್ಚಿಯ ಅಭ್ಯಾಸದಿಂದ ಪಳಗಿಸುತ್ತಾರೆ. ಅದರ ಜೊತೆಗೆ ನಮ್ಮ ಯೋಗಾಭ್ಯಾಸವನ್ನೂ, ಉಸಿರಿನ ಹಿಡಿತವನ್ನೂ ಕಲಿಸುತ್ತಾರೆ. 1984ರ ಏಪ್ರಿಲ್ 3ರಂದು ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ಅವರ ಆಯ್ಕೆಯ ಪರೀಕ್ಷೆಗಳು ನಡೆದದ್ದು ಈ ಸಂಸ್ಥೆಯಲ್ಲಿ. ಅವರು ಅಂತರಿಕ್ಷದಲ್ಲಿ ಯೋಗಾಸನ ಮಾಡಿ ಪ್ರಯೋಗ ನಡೆಸಿದ್ದನ್ನು ತಮ್ಮಲ್ಲಿ ಹಲವರು ಪತ್ರಿಕೆಯಲ್ಲಿ ಓದಿರಬಹುದು.

ಎಚ್.ಎ.ಎಲ್. ಎಂದಾಗ ಲಿಬರೇಟರ್‌ನ ಮುಂದಿನ ಕಥೆಯನ್ನೂ ಹೇಳಬೇಕು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಕೆಡಿಸಿ ಬಿಟ್ಟುಹೋದರು. ಎಚ್.ಎ.ಎಲ್. ನೌಕರರು ಅವುಗಳಲ್ಲಿ ನಲವತ್ತರಷ್ಟನ್ನು ಹಾರುವ ಮಟ್ಟಿಗೆ ಸರಿಮಾಡಿದರು. ಪೈಲಟ್ ಜಿಮ್ಮಿ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಂಥ ವಿಮಾನಗಳಿಂದಲೇ 1948ರ ನವೆಂಬರ್ 2ರಂದು ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಆರಂಭವಾಯಿತು. ಮುಂದೆ ಸಮುದ್ರದ ಮೇಲೆ ಗಂಟೆಗಟ್ಟಲೆ ಕಾವಲು ಹಾರಾಟ ನಡೆಸಿದ್ದೂ ಇವೇ ವಿಮಾನಗಳು. 1968ರವರೆಗೆ ಅವು ಸೇವೆಯಲ್ಲಿದ್ದವು. ಕೋಲಾರದ ಆಕಾಶದಲ್ಲಿ ಪರದೇಶದ ಹುಡುಗರು ಕಲಿತ ಪಾಠವನ್ನು ಹೀಗೆ ನಮ್ಮ ಹುಡುಗರೂ ಇಪ್ಪತ್ತು ವರ್ಷ ಕಲಿತರು.

ಇಷ್ಟು ಚರಿತ್ರೆಯಿಂದ ವೈಮಾನಿಕರು ಕಂಡುಕೊಂಡ ಉಪಾಯಗಳನ್ನು ಕ್ರಮವಾಗಿ ಹೇಳುತ್ತೇನೆ. ಬರೀ ಹೊಟ್ಟೆಯಲ್ಲೂ ಹೋಗಬಾರದು, ಜಿಡ್ಡಿನ ಊಟ ಮಾಡಿಯೂ ಹೋಗಬಾರದು. ಎರಡು ಇಡ್ಲಿಯಂಥ ಹಗುರ ಆಹಾರ ಸಾಕು. ಹಿಂದಿನ ರಾತ್ರಿ ನಿದ್ದೆಗೆಡಬಾರದು. ಆದಷ್ಟೂ ರೆಕ್ಕೆಯ ಹತ್ತಿರ ಕೂರಬೇಕು, ಅಲ್ಲಿ ಅಲುಗಾಟ ಕಡಿಮೆ. ತಿರುವಿನಲ್ಲಿ ತಲೆಯನ್ನು ಆಸನಕ್ಕೆ ಒತ್ತಿ ಅಲುಗಿಸದೆ ಇಟ್ಟುಕೊಳ್ಳಬೇಕು. ಕಣ್ಣು ದೂರದ ಬಾನಂಚಿನ ಮೇಲಿರಬೇಕು, ಮಡಿಲಲ್ಲಿನ ಕಾಗದದ ಮೇಲಲ್ಲ. ತಂಪು ಗಾಳಿ ಮುಖಕ್ಕೆ ಬೀಳಬೇಕು. ಉಸಿರು ನಿಧಾನವಾಗಿ, ಆಳವಾಗಿ. ಕೈಗೊಂದು ಕೆಲಸವಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದಿರುವ ಪೈಲಟ್ "ಎಡಕ್ಕೆ ತಿರುಗುತ್ತಿದ್ದೇನೆ", "ಇಳಿಯುತ್ತಿದ್ದೇನೆ" ಎಂದು ಹಿಂದಿನವರಿಗೆ ಮುಂಚೆಯೇ ಹೇಳುವುದು. ಒಂದು ಮಾತಿಗೆ ಖರ್ಚೇನೂ ಇಲ್ಲ, ಆದರೆ ಕಿವಿಯೂ ಮೆದುಳೂ ಸಿದ್ಧವಾಗುತ್ತವೆ. ವಾಂತಿಯಾದರೆ ಆಗಲಿ, ಚೀಲ ಕಟ್ಟಿಟ್ಟು ಕೆಲಸಕ್ಕೆ ಮರಳುವುದು. ತೊಂದರೆ ಮುಂದುವರಿದರೆ ಮುಚ್ಚಿಡದೆ ವೈದ್ಯರಿಗೆ ಹೇಳುವುದು. ಬಿಸಿಲೇರುವ ಮುಂಚೆ ಬೆಳಗಿನ ಹೊತ್ತಿನಲ್ಲಿ ಸಣ್ಣ ಸಣ್ಣ ಹಾರಾಟ ಮಾಡಿಸುವುದು ಒಳ್ಳೆಯದು. ಪಳಗಿದವನೂ ಬಹುದಿನ ರಜೆಯ ಮೇಲೆ ಹೋಗಿ ಬಂದರೆ ಮತ್ತೆ ಮೊದಲಿನಿಂದ ಸ್ವಲ್ಪ ರೂಢಿಸಿಕೊಳ್ಳಬೇಕಾಗುತ್ತದೆ. ಅದಕ್ಕೂ ನಾಚಬೇಕಾಗಿಲ್ಲ.

ಎಲ್ಲರಿಗೂ ಗುಣವಾಗುತ್ತದೆಂದು ಹೇಳಿದರೆ ಸುಳ್ಳಾದೀತು. ನೂರಕ್ಕೆ 85 ಎಂದರೆ ಉಳಿದ 15 ಮಂದಿಗೆ ಆಗಲಿಲ್ಲವೆಂದೇ ಅರ್ಥ. ಅಂಥವರಿಗೆ ವಾಯುಪಡೆಯಲ್ಲಿ ನೆಲದ ಮೇಲೆ ನೂರು ಬಗೆಯ ಕೆಲಸಗಳಿವೆ. ವಿಮಾನವನ್ನು ಹಾರಲು ಸಿದ್ಧಗೊಳಿಸುವವನೂ ಹಾರುವವನಷ್ಟೇ ಮುಖ್ಯ.

ಇನ್ನು ಮನೆಯ ಚುಚ್ಚುಮಾತಿನ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ಮಹಾ ನೌಕಾಪತಿ ನೆಲ್ಸನ್‌ಗೆ ಜೀವನವಿಡೀ ಕಡಲ ವಾಕರಿಕೆ ಇತ್ತು. 1961ರ ಆಗಸ್ಟ್‌ನಲ್ಲಿ ಒಂದು ದಿನಕ್ಕೂ ಮಿಗಿಲಾಗಿ ಭೂಮಿಯನ್ನು 17 ಸಲ ಸುತ್ತಿದ ರಷ್ಯದ ಗೆರ್ಮನ್ ಟಿಟೋವ್ ಅಂತರಿಕ್ಷದಲ್ಲಿ ವಾಕರಿಕೆ ಪಟ್ಟ ಮೊದಲ ಮನುಷ್ಯ. 2025ರ ಜೂನ್‌ನಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೊರಟ ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಕೂಡ ಮೊದಲ ದಿನ ತಮಗೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು ನೇರವಾಗಿಯೇ ಹೇಳಿದರು. ಇವರಲ್ಲಿ ಯಾರನ್ನು ಅಂಜುಬುರುಕರೆಂದು ಕರೆಯೋಣ? ಮಕ್ಕಳಲ್ಲಿ ಈ ತೊಂದರೆ ಎರಡು ವರ್ಷದಿಂದ ಹನ್ನೆರಡು ವರ್ಷದವರೆಗೆ ಹೆಚ್ಚು, ಆಮೇಲೆ ಬಹಳ ಮಂದಿಗೆ ಕಡಿಮೆಯಾಗುತ್ತದೆ ಎಂಬುದನ್ನೂ ತಂದೆತಾಯಿಗಳು ನೆನಪಿಡಬೇಕು.

ಆದ್ದರಿಂದ ಹತ್ತು ವರ್ಷದ ಮಗಳು ಬಸ್ಸಿನಲ್ಲಿ ವಾಂತಿ ಮಾಡಿದರೆ ಅವಳಿಗೊಂದು ನಿಂಬೆಹಣ್ಣು ಕೊಡಿ, ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ಬೆಟ್ಟವನ್ನು ನೋಡು ತಾಯಿ ಎಂದು ಹೇಳಿ. ಅವಳ ಮುಂದಿನ ಬದುಕಿನ ತೀರ್ಪನ್ನು ಆ ಬಸ್ಸಿನಲ್ಲೇ ಕೊಡಬೇಡಿ. ಬೆಳಗೊಂಡಪಳ್ಳಿಯ ವಿಮಾನಪಟ್ಟಿಯ ಕಡೆಯಿಂದ ಸಣ್ಣ ವಿಮಾನವೊಂದು ಸದ್ದು ಮಾಡುತ್ತ ಎದ್ದರೆ, ಅದರೊಳಗೆ ಕುಳಿತವರಿಗೂ ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದ್ದಿರಬಹುದು ಎಂದು ಅವಳಿಗೆ ಹೇಳಿ.